ಬ್ರೂಟ್ ನೇಚರ್ ಜೊತೆಗೆ ಕಾಂಗ್ರೆಸ್ ಕಡ್ಲೆಬೀಜ

ಕನ್ನಡದಲ್ಲಿ ಓದುವವರೇ ಇಲ್ಲ ಎಂದು ಪ್ರಕಾಶಕರು ಗೋಳಾಡುತ್ತಿರುತ್ತಾರೆ. ಅವರು ಯಾವುದಾದರೂ ಶುಕ್ರವಾರ ಸಂಜೆ ಬೆಂಗಳೂರಿನ ದೊಡ್ಡ ಮದ್ಯದ ಮಳಿಗೆಯೊಂದಕ್ಕೆ ಹೋಗಿಬರಬೇಕು. ವಿಸ್ಕಿ, ರಮ್ಮು, ಬಿಯರಿನ ಕಡೆ ಯಾರೂ ಏನನ್ನೂ ಓದುವುದಿಲ್ಲ; ಬೆರಳು ತೋರಿಸುತ್ತಾರೆ, ದುಡ್ಡು ಕೊಡುತ್ತಾರೆ, ಹೋಗುತ್ತಾರೆ. ವೈನ್ ಕಪಾಟಿನ ಎದುರು ಮಾತ್ರ ಗ್ರಂಥಾಲಯದ ಮೌನ. ಕನ್ನಡಕವನ್ನು ಹಣೆಗೇರಿಸಿ, ಬಾಟಲಿಯನ್ನು ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿದು, ಹಿಂಬದಿಯ ಲೇಬಲ್ಲಿನ ಪುಟಾಣಿ ಅಕ್ಷರಗಳನ್ನು ಒಂದನ್ನೂ ಬಿಡದೆ ಓದುತ್ತಾರೆ. ದ್ರಾಕ್ಷಿಯ ತಳಿ ಯಾವುದು, ತೋಟ ಯಾವ ಊರಿನದು, ಯಾವ ವರ್ಷದ ಬೆಳೆ ಎಂಬುದೆಲ್ಲ ಅವರಿಗೆ ಬೇಡ. ಅವರು ಹುಡುಕುವುದು ಕ್ಯಾಲೊರಿಯನ್ನು. ಸೋಮವಾರದಿಂದ ಡಯಟ್ ಶುರುವಾಗಿದೆ. ಅನ್ನ ಬಿಟ್ಟಾಗಿದೆ, ಸಕ್ಕರೆ ಬಿಟ್ಟಾಗಿದೆ, ಮೈದಾದ ಹೆಸರನ್ನು ಮನೆಯಲ್ಲಿ ಎತ್ತುವಂತಿಲ್ಲ, ನವಣೆ ಬಿಸಿಬೇಳೆಬಾತನ್ನು ಮಕ್ಕಳಿಗೆ ಗದರಿಸಿ ತಿನ್ನಿಸಿದ್ದೂ ಆಗಿದೆ. ಇಷ್ಟೆಲ್ಲ ತ್ಯಾಗ ಮಾಡಿದ ಮೇಲೆ ಶುಕ್ರವಾರವನ್ನೂ ತ್ಯಾಗ ಮಾಡಿ ಎಂದರೆ ಅದು ಅನ್ಯಾಯ. ಆದ್ದರಿಂದ, ಮೈ ಬರಿಸದ ವೈನ್ ಯಾವುದು ಎಂಬ ಸಂಶೋಧನೆ.

ಸಂಶೋಧನೆಗೆ ಆಕರ ಸಿಗುವುದಿಲ್ಲ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ತನ್ನ ಪಾಪಗಳನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸುತ್ತದೆ: ಶಕ್ತಿ ಇಷ್ಟು, ಕೊಬ್ಬು ಇಷ್ಟು, ಸಕ್ಕರೆ ಇಷ್ಟು. ಸಾವಿರ ರೂಪಾಯಿಯ ವೈನ್ ಬಾಟಲಿಯಲ್ಲಿ ಆ ಪಟ್ಟಿ ಕಾಣುವುದಿಲ್ಲ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಎಂಬ ಎಚ್ಚರಿಕೆ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಯಾಕೆಂದರೆ ಅದರಲ್ಲಿ ಅಂಕಿ ಇಲ್ಲ. ಯುರೋಪಿನವರು ಈ ವಿಷಯದಲ್ಲಿ ಸ್ವಲ್ಪ ಪ್ರಾಮಾಣಿಕರಾದರು. 2023ರ ಡಿಸೆಂಬರ್ 8ರ ನಂತರ ತಯಾರಾಗಿ ಅಲ್ಲಿ ಮಾರಾಟವಾಗುವ ವೈನಿನ ಮೇಲೆ ಎಷ್ಟು ಕ್ಯಾಲೊರಿ ಎಂಬುದನ್ನು ಅಚ್ಚು ಹಾಕಲೇಬೇಕು; ಉಳಿದ ವಿವರವನ್ನು ಕ್ಯೂಆರ್ ಕೋಡಿನ ಹಿಂದೆ ಇಡಬಹುದು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ವೈನ್ ಮಾಡಿದವರಿಗೆ ಇಷ್ಟು ಹೇಳಲು 2023ರ ತನಕ ಮನಸ್ಸು ಬರಲಿಲ್ಲ ಎಂಬುದನ್ನು ನೋಡಿದರೆ, ಹೇಳುವಂಥ ಒಳ್ಳೆಯ ಸುದ್ದಿ ಅದರಲ್ಲಿ ಇರಲಿಕ್ಕಿಲ್ಲ ಎಂದು ಯಾರಾದರೂ ಊಹಿಸಬಹುದು.

ಪಟ್ಟಿ ಇಲ್ಲದ ಕಡೆ ಅಂಗಡಿಯ ಹುಡುಗನೇ ಡಯಟೀಷಿಯನ್ ಆಗಬೇಕಾಗುತ್ತದೆ.

"ಶುಗರ್ ಇಲ್ದೇ ಇರೋದು ಯಾವ್ದಿದೆಯಪ್ಪಾ?"

"ಇದು ತಗೊಳ್ಳಿ ಮೇಡಂ, ಡ್ರೈ."

"ಡ್ರೈ ಅಂದ್ರೆ ಕ್ಯಾಲೊರಿ ಇರಲ್ವಾ?"

"ಅದು ಗೊತ್ತಿಲ್ಲ ಮೇಡಂ. ಆದ್ರೆ ಡಯಟ್ ಮಾಡೋರೆಲ್ಲ ಇದನ್ನೇ ಒಯ್ತಾರೆ."

"ಕೊಡು. ಎರಡು ಕೊಡು."

ಹುಡುಗನದು ಏನೂ ತಪ್ಪಿಲ್ಲ. ಅವನು ಕಂಡದ್ದನ್ನು ಹೇಳಿದ. ಡಯಟ್ ಮಾಡುವವರು ಅದನ್ನೇ ಒಯ್ಯುತ್ತಾರೆ, ಮುಂದಿನ ವಾರವೂ ಬರುತ್ತಾರೆ, ಬಂದಾಗಲೂ ಡಯಟ್ ಮಾಡುತ್ತಲೇ ಇರುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9. ಇವೆರಡರ ನಡುವೆ, ಕೊಬ್ಬಿಗೇ ಹತ್ತಿರವಾಗಿ, ಒಂದು ಗ್ರಾಂ ಆಲ್ಕೊಹಾಲಿಗೆ 7. ಶೇ 12ರ ವೈನನ್ನು 150 ಮಿಲಿಯಷ್ಟು ಸುರಿದುಕೊಂಡರೆ ಅದರಲ್ಲಿ ಸುಮಾರು 14 ಗ್ರಾಂ ಆಲ್ಕೊಹಾಲ್ ಇರುತ್ತದೆ. ಅಂದರೆ, ಸಕ್ಕರೆಯ ಮಾತೆತ್ತುವ ಮೊದಲೇ ಹತ್ತಿರ ಹತ್ತಿರ 100 ಕ್ಯಾಲೊರಿ ಒಳಗೆ ಸೇರಿದೆ. ಕಾಗದ ಪೆನ್ನು ಬೇಡದ ಸೂತ್ರವೊಂದನ್ನು ಕೊಡುತ್ತೇನೆ: ಲೇಬಲ್ಲಿನ ಶೇಕಡಾವಾರು ಸಂಖ್ಯೆಯನ್ನು ಎಂಟರಿಂದ ಗುಣಿಸಿ, ಮೇಲೊಂದಿಷ್ಟು ಸೇರಿಸಿ. ಒಂದು ಗ್ಲಾಸಿನ ಕ್ಯಾಲೊರಿ ಬಂತು. ಶೇ 9 ಇದ್ದರೆ 75, ಶೇ 11 ಇದ್ದರೆ 90ರ ಆಸುಪಾಸು, ಶೇ 14.5 ಇದ್ದರೆ 120. ಎಲ್ಲರೂ ಅಷ್ಟು ಹೊತ್ತು ನಿಂತು ಹುಡುಕುತ್ತಿದ್ದ ಅಂಕಿ ಅಲ್ಲೇ, ಲೇಬಲ್ಲಿನಲ್ಲೇ ಇತ್ತು. ಶೇಕಡಾವಾರು ಆಲ್ಕೊಹಾಲ್ ಎಂಬ ಹೆಸರಿನಲ್ಲಿ ಇತ್ತು, ಅಷ್ಟೇ. ಕಾನೂನಿನ ಪ್ರಕಾರ ಕಡ್ಡಾಯವಾಗಿಯೇ ಇತ್ತು. ಆದರೆ ಡಯಟ್ ಮಾಡುವವರಿಗೆ ಆಲ್ಕೊಹಾಲ್ ಪ್ರಮಾಣವನ್ನು ನೋಡುವುದು ಸ್ವಲ್ಪ ನಾಚಿಕೆಯ ಸಂಗತಿ. ಅದನ್ನು ನೋಡುವವರು ಕುಡುಕರು, ಅದೂ ಹೆಚ್ಚು ಇರುವುದನ್ನು ಹುಡುಕಲಿಕ್ಕೆ.

ಸಕ್ಕರೆ ಇಲ್ಲ ಎಂಬ ಸಮಾಧಾನದ ವಿಷಯಕ್ಕೆ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಇಡೀ ವ್ಯಾಪಾರ ನಿಂತಿರುವುದು ಇದರ ಮೇಲೆ. ದ್ರಾಕ್ಷಿ ರಸದಲ್ಲಿ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ 1ರಷ್ಟು ಆಲ್ಕೊಹಾಲ್ ಹುಟ್ಟುತ್ತದೆ. ಶೇ 12 ಆಗಬೇಕಾದರೆ ಲೀಟರಿಗೆ 200 ಗ್ರಾಮಿಗೂ ಮಿಕ್ಕಿ ಸಕ್ಕರೆ ಖರ್ಚಾಗಬೇಕು. ನಿಮ್ಮ ಕೈಯಲ್ಲಿರುವ ಒಂದು ಗ್ಲಾಸಿನ ಪಾಲಿಗೆ ಅದು 30 ಗ್ರಾಂ, ಅಂದರೆ ಆರೇಳು ಚಮಚ. ಬೆಳಿಗ್ಗೆ ಕಾಫಿಗೆ ಅರ್ಧ ಚಮಚ ಹಾಕಿದ್ದಕ್ಕೆ ಸೊಸೆಯ ಮೇಲೆ ರೇಗಿದವರ ಗ್ಲಾಸು ಇದು. ಆ ಸಕ್ಕರೆಯಲ್ಲಿ ಸುಮಾರು 120 ಕ್ಯಾಲೊರಿ ಇತ್ತು; ಅದರಿಂದಾದ ಆಲ್ಕೊಹಾಲಿನಲ್ಲಿ ಈಗ 100 ಇದೆ. ಇಪ್ಪತ್ತು ಯೀಸ್ಟಿನ ಹೊಟ್ಟೆಗೆ ಹೋಯಿತು, ನೂರು ನಿಮ್ಮ ಹೊಟ್ಟೆಗೆ ಬರುತ್ತಿದೆ. ಸಕ್ಕರೆ ಇಲ್ಲವೆಂಬುದು ಅಕ್ಷರಶಃ ನಿಜ. ಅದು ಕ್ಯಾಲೊರಿಯನ್ನು ಬಿಟ್ಟು ಹೋಗಿದೆ.

ಉಳಿದ ಚೂರುಪಾರು ಸಕ್ಕರೆಯನ್ನು ಅಳೆಯಲಿಕ್ಕೆ ಸ್ಪಾರ್ಕ್ಲಿಂಗ್ ವೈನಿನವರಲ್ಲಿ ಒಂದು ದೊಡ್ಡ ಜಾತಿಪದ್ಧತಿಯೇ ಇದೆ. ಲೀಟರಿಗೆ 3 ಗ್ರಾಮಿಗಿಂತ ಕಡಿಮೆ ಇದ್ದರೆ ಬ್ರೂಟ್ ನೇಚರ್, 6ರ ತನಕ ಎಕ್ಸ್‌ಟ್ರಾ ಬ್ರೂಟ್, 12ರ ಒಳಗೆ ಬರೀ ಬ್ರೂಟ್. ಬ್ರೂಟ್ ನೇಚರ್ ಕುಡಿಯುವವರು ಬ್ರೂಟ್ ಕುಡಿಯುವವರನ್ನು ನೋಡುವ ಕಣ್ಣೇ ಬೇರೆ. "ನಾನು ಬ್ರೂಟ್ ನೇಚರ್ ಮಾತ್ರ" ಎಂದು ಹೇಳುವಾಗ ಕೊರಳು ಎರಡಿಂಚು ಎತ್ತರವಾಗುತ್ತದೆ. ಈ ಕೊರಳಿನ ಎತ್ತರಕ್ಕೆ ಆಧಾರವಾದ ಉಳಿತಾಯ ಎಷ್ಟು? ಲೀಟರಿಗೆ 12 ಗ್ರಾಂ ಎಂದರೆ ಗ್ಲಾಸಿಗೆ 1.8 ಗ್ರಾಂ, ಅಂದರೆ 7 ಕ್ಯಾಲೊರಿ. ಸಂಪೂರ್ಣ ಸನ್ಯಾಸಿ ವೈನಿಗೂ ಸಂಸಾರಿ ವೈನಿಗೂ ಇರುವ ಅಂತರ ಗ್ಲಾಸಿಗೆ ಹೆಚ್ಚೆಂದರೆ 7 ಕ್ಯಾಲೊರಿ. ಒಂದೆರಡು ಕಡ್ಲೆಬೀಜದಲ್ಲಿ ಅಷ್ಟಿರುತ್ತದೆ. ಒಂದೆರಡು ಹಿಡಿಯಲ್ಲ, ಒಂದೆರಡು ಬೀಜ. ಈ ಒಂದೆರಡು ಬೀಜ ಉಳಿಸಲಿಕ್ಕೆ ಬಾಟಲಿಗೆ ಐನೂರು ರೂಪಾಯಿ ಹೆಚ್ಚು ಕೊಟ್ಟು ತಂದು, ಟೀಪಾಯಿಯ ಮೇಲಿಟ್ಟು, ಪಕ್ಕದಲ್ಲಿ ಒಂದು ಬಟ್ಟಲು ಕಾಂಗ್ರೆಸ್ ಕಡ್ಲೆಬೀಜ ಇಡುತ್ತಾರೆ. ಖಾರ ಇರಬೇಕು, ಕರಿಬೇವು ಗರಿಗರಿ ಇರಬೇಕು.

ಇದೇ ಜಾತಿಪದ್ಧತಿಯಲ್ಲಿ ಒಂದು ಬಲೆಯೂ ಇದೆ. ಎಕ್ಸ್‌ಟ್ರಾ ಡ್ರೈ ಎಂದು ಬರೆದಿದ್ದರೆ ನಾವು ಏನೆಂದುಕೊಳ್ಳುತ್ತೇವೆ? ಡ್ರೈಗಿಂತಲೂ ಡ್ರೈ, ಮರಳುಗಾಡಿನಷ್ಟು ಡ್ರೈ. ಅಲ್ಲ. ಎಕ್ಸ್‌ಟ್ರಾ ಡ್ರೈ ಎಂದರೆ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ, ಬ್ರೂಟಿಗಿಂತ ಸಿಹಿ. ಅದಕ್ಕೂ ಮುಂದಿನ ಸೆಕ್ ಎಂಬುದರ ಅರ್ಥವೇ ಫ್ರೆಂಚಿನಲ್ಲಿ ಡ್ರೈ. ಅದರಲ್ಲಿ 17ರಿಂದ 32 ಗ್ರಾಂ. ಹಿಂದಿನ ಕಾಲದಲ್ಲಿ ಷಾಂಪೇನು ಪಾಯಸದ ಮಟ್ಟಿಗೆ ಸಿಹಿ ಇರುತ್ತಿತ್ತಾದ್ದರಿಂದ ಆ ಕಾಲದವರ ಪಾಲಿಗೆ ಇದು ಡ್ರೈ. ಹಳೆಯ ಕಾಲದ ನಾಲಗೆಗೆ ಇಟ್ಟ ಹೆಸರನ್ನು ನಂಬಿ ಇಂದಿರಾನಗರದ ಡಯಟ್ ನಡೆಯುತ್ತಿದೆ.

ಇನ್ನು ಕೆಲವರು ಬುದ್ಧಿವಂತರು. ಅವರು ಸಕ್ಕರೆಯ ಮಾತು ಬಿಟ್ಟು ಆಲ್ಕೊಹಾಲನ್ನೇ ಹಿಡಿದು ಹೊರಟವರು. ಇಟಲಿಯ ಮೊಸ್ಕಾಟೊ ದಾಸ್ತಿ ನೋಡಿ, ಶೇ 5ರ ಸುಮಾರು, ಬಿಯರಿನಷ್ಟೇ. ಗೆದ್ದೆವು ಎಂದುಕೊಂಡು ತಂದರೆ ಅದರಲ್ಲಿ ಲೀಟರಿಗೆ 100 ಗ್ರಾಂ, ಕೆಲವದರಲ್ಲಿ ಅದಕ್ಕೂ ಹೆಚ್ಚು ಸಕ್ಕರೆ. ಯೀಸ್ಟನ್ನು ಊಟದ ನಡುವೆಯೇ ಎಬ್ಬಿಸಿ ಕಳಿಸಿದ್ದರಿಂದ ಆಲ್ಕೊಹಾಲ್ ಕಡಿಮೆಯಾಯಿತು, ಸಕ್ಕರೆ ಉಳಿಯಿತು. ಒಟ್ಟು ಸೇರಿಸಿದರೆ ಗ್ಲಾಸಿಗೆ 110ರ ಸುಮಾರು, ಶೇ 12ರ ಬ್ರೂಟಿನಷ್ಟೇ. ಪೋರ್ಟ್ ವೈನಿನದು ಎರಡೂ ಕೈಯಲ್ಲಿ ಬಾಚುವ ಸ್ವಭಾವ. ಪೋರ್ಚುಗಲ್ಲಿನ ಅಸಲಿ ಪೋರ್ಟಿನಲ್ಲಿ ಹುದುಗುವಿಕೆಯನ್ನು ಮಧ್ಯದಲ್ಲೇ ಬ್ರಾಂದಿಯಂಥ ಸ್ಪಿರಿಟ್ ಸುರಿದು ನಿಲ್ಲಿಸುತ್ತಾರೆ. ಹೀಗಾಗಿ ಶೇ 20ರಷ್ಟು ಆಲ್ಕೊಹಾಲೂ ಉಂಟು, ಲೀಟರಿಗೆ 100 ಗ್ರಾಂ ಸಕ್ಕರೆಯೂ ಉಂಟು. 60 ಮಿಲಿಯ ಪುಟ್ಟ ಗ್ಲಾಸಿಗೇ 90 ಕ್ಯಾಲೊರಿ. "ಸ್ವಲ್ಪವೇ ಕುಡಿದೆ" ಎಂಬುದಕ್ಕೆ ಅರ್ಥವಿಲ್ಲದ ಪಾನೀಯ ಇದೊಂದೇ ಇರಬೇಕು.

ಹಾಗಾದರೆ ನಿಜಕ್ಕೂ ಕ್ಯಾಲೊರಿ ಕಡಿಮೆ ಇರುವ ವೈನ್ ಇಲ್ಲವೇ ಇಲ್ಲವೇ? ಇದೆ. ಡ್ರೈ ಇದ್ದು ಆಲ್ಕೊಹಾಲೂ ಕಡಿಮೆ ಇರಬೇಕು. ಉತ್ತರ ಪೋರ್ಚುಗಲ್ಲಿನ ವಿನ್ಯೊ ವೆರ್ಡೆ ಎಂಬ ಹುಳಿ ಹುಳಿ ಬಿಳಿ ವೈನು ಹಲವು ಬಾರಿ ಶೇ 9ರಿಂದ 11ರಲ್ಲಿ ಸಿಗುತ್ತದೆ. ಜರ್ಮನಿಯ ಮೋಸೆಲ್ ಕಣಿವೆಯ ಕಬಿನೆಟ್ ರೀಸ್ಲಿಂಗ್ ಶೇ 8-9ಕ್ಕೆ ನಿಲ್ಲುತ್ತದೆ, ಸ್ವಲ್ಪ ಸಿಹಿ ಉಳಿಸಿಕೊಂಡು. ಎರಡೂ ಚಳಿ ನಾಡಿನ ಅಥವಾ ಸಮುದ್ರದ ಗಾಳಿ ಬೀಸುವ ಕಡೆಯ ಸರಕು. ಬಿಸಿಲು ಕಡಿಮೆಯಾದರೆ ದ್ರಾಕ್ಷಿಯಲ್ಲಿ ಸಕ್ಕರೆ ಕಡಿಮೆ, ಸಕ್ಕರೆ ಕಡಿಮೆಯಾದರೆ ಆಲ್ಕೊಹಾಲ್ ಕಡಿಮೆ. ನಮ್ಮ ನಂದಿ ಬೆಟ್ಟದ ತಪ್ಪಲಿಗೂ ಹಂಪಿಯ ಬಂಡೆಗಳ ನಡುವಿನ ತೋಟಕ್ಕೂ ಇಂಥ ಭಾಗ್ಯ ಇಲ್ಲ. ಇಲ್ಲಿ ಮಳೆಗಾಲ ಮುಗಿದ ಮೇಲೆ ಬಳ್ಳಿ ಸವರಿ, ಬೇಸಿಗೆ ಏರುವ ಹೊತ್ತಿಗೆ ಕೊಯ್ಲು. ಸೂರ್ಯ ಧಾರಾಳಿ, ಹಣ್ಣು ಬೇಗ ಸಿಹಿಯಾಗುತ್ತದೆ. ಹೀಗಾಗಿ ನಮ್ಮ ಶಿರಾಜ್, ಕಾಬರ್ನೆಗಳೆಲ್ಲ ಶೇ 13ರ ಆಚೀಚೆ ಬಂದು ಕೂರುತ್ತವೆ. ಬೇಗ ಕೊಯ್ದು ಹುಳಿ ಉಳಿಸಿಕೊಂಡ ಬಿಳಿ ವೈನುಗಳು ಸ್ವಲ್ಪ ಕೆಳಗೆ ಸಿಗುತ್ತವೆ. ಸ್ಥಳೀಯ ವೈನನ್ನೇ ಕುಡಿಯುತ್ತೇನೆ, ಡಯಟ್ಟನ್ನೂ ಬಿಡುವುದಿಲ್ಲ ಎನ್ನುವ ದೇಶಭಕ್ತರು ಕೆಂಪನ್ನು ಬಿಟ್ಟು ಬಿಳಿಯ ಕಡೆ ಕೈಚಾಚಿದರೆ ಗ್ಲಾಸಿಗೆ 10-15 ಕ್ಯಾಲೊರಿ ಉಳಿದೀತು. ಮೂರು ಕಡ್ಲೆಬೀಜ.

ಈ ಬಡಪಾಯಿ ಉಳಿತಾಯವನ್ನು ಮಾರುಕಟ್ಟೆಯವರು ಸುಮ್ಮನೆ ಬಿಡುತ್ತಾರೆಯೇ? ವಿದೇಶದಲ್ಲಿ ಕೀಟೋ ವೈನ್ ಬಂತು, ಕ್ಲೀನ್ ವೈನ್ ಬಂತು, ಗ್ಲುಟೆನ್ ಇಲ್ಲದ ವೈನ್ ಬಂತು. ದ್ರಾಕ್ಷಿಯಲ್ಲಿ ಗೋಧಿ ಯಾವಾಗ ಇತ್ತು ಎಂದು ಯಾರೂ ಕೇಳಲಿಲ್ಲ. ವೀಗನ್ ವೈನ್ ಬಂದಾಗ ನಕ್ಕವರು ಮಾತ್ರ ನಗೆ ವಾಪಸು ತೆಗೆದುಕೊಳ್ಳಬೇಕು. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಮೀನಿನ ಜೆಲಟಿನ್ ಬಳಸುವುದು ನಿಜ. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮದ್ಯ ನಿಯಮಗಳ ಪ್ರಕಾರ ಬಾಟಲಿಯ ಮೇಲೆ ಆರೋಗ್ಯದ ಹೆಸರಿನಲ್ಲಿ ಏನನ್ನೂ ಹೇಳಿಕೊಳ್ಳುವಂತಿಲ್ಲ. ಅದರಿಂದ ತೊಂದರೆಯೇನೂ ಆಗಿಲ್ಲ. ಬಾಟಲಿ ಹೇಳಲಾರದ್ದನ್ನು ಇನ್‌ಸ್ಟಾಗ್ರಾಮಿನಲ್ಲಿ ಯೋಗಾಸನ ಮುಗಿಸಿ ಬಂದ ಹುಡುಗಿ ಹೇಳುತ್ತಾಳೆ, ಒಂದು ಕೈಯಲ್ಲಿ ಚಾಪೆ, ಇನ್ನೊಂದು ಕೈಯಲ್ಲಿ ಗ್ಲಾಸು.

ವೈನ್ ಮಂದಿಯ ಅಹಂಕಾರಕ್ಕೆ ನಿಜವಾದ ಪೆಟ್ಟು ಬೀಳುವುದು ಮನೆಯೊಳಗೆ, ವಿಸ್ಕಿ ಕುಡಿಯುವ ಗಂಡನಿಂದ. ಬಸವನಗುಡಿಯ ಒಂದು ಮನೆಯ ಸಂಭಾಷಣೆಯನ್ನು ಕಲ್ಪಿಸಿಕೊಳ್ಳಿ.

"ರೀ, ಹೊಟ್ಟೆ ನೋಡ್ಕೊಳ್ಳಿ ಸ್ವಲ್ಪ. ಆ ವಿಸ್ಕಿ ಬಿಟ್ಟು ನನ್ ಥರ ವೈನಾದ್ರೂ ಕುಡೀರಿ."

"ಲೆಕ್ಕ ಹಾಕಿದೀನಿ ಕಣೇ. ನಂದು ಸ್ಮಾಲಿಗೆ ಎಪ್ಪತ್ತೊಂದು ಕ್ಯಾಲೊರಿ, ಸೋಡಾಗೆ ಸೊನ್ನೆ. ನಿಂದು ಗ್ಲಾಸಿಗೆ ನೂರು."

"ನಿಮ್ಮ ಸ್ಮಾಲು ಯಾವತ್ತು ಮೂವತ್ತು ಎಂಎಲ್ ಇತ್ತು?"

"ನಿನ್ನ ಗ್ಲಾಸು ಯಾವತ್ತು ನೂರೈವತ್ತಿತ್ತು?"

ಗಂಡನ ಲೆಕ್ಕ ಸರಿ. ಶೇ 42.8ರ ವಿಸ್ಕಿ 30 ಮಿಲಿಗೆ 71 ಕ್ಯಾಲೊರಿಯೇ. ಹೆಂಡತಿಯ ಪ್ರಶ್ನೆ ಅದಕ್ಕಿಂತ ಸರಿ. ಗಂಡನ ಮರುಪ್ರಶ್ನೆ ಎಲ್ಲಕ್ಕಿಂತ ಸರಿ. ಈ ದೇಶದ ಪೌಷ್ಟಿಕತಜ್ಞರೆಲ್ಲ ಸೇರಿ ಬರೆದರೂ ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಹೇಳಲಾರರು. ಇಬ್ಬರೂ ಪರಸ್ಪರರ ಬಗ್ಗೆ ಪೂರ್ತಿ ನಿಜ ನುಡಿದು, ತಮ್ಮ ತಮ್ಮ ಗ್ಲಾಸು ತುಂಬಿಸಿಕೊಂಡು, ಟಿವಿ ಹಾಕಿದರು.

ಗ್ಲಾಸಿನ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಕೇಂಬ್ರಿಜ್‌ನ ಸಂಶೋಧಕರು 2017ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಒಂದು ಸೊಗಸಾದ ಲೇಖನ ಬರೆದರು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮು, ಅರಮನೆಯ ಸಂಗ್ರಹ, ಗಾಜಿನ ಕಾರ್ಖಾನೆ, ಅಂಗಡಿ ಎಲ್ಲ ಸುತ್ತಿ ಮುನ್ನೂರು ವರ್ಷಗಳ ಇಂಗ್ಲೆಂಡಿನ ವೈನ್ ಗ್ಲಾಸುಗಳನ್ನು ಅಳೆದಿದ್ದರು. ಹದಿನೆಂಟನೆಯ ಶತಮಾನದಲ್ಲಿ ಒಂದು ಗ್ಲಾಸು ಸರಾಸರಿ ಹಿಡಿಸುತ್ತಿದ್ದದ್ದು 66 ಮಿಲಿ. 2017ರ ಹೊತ್ತಿಗೆ 449 ಮಿಲಿ. ಹೆಚ್ಚುಕಡಿಮೆ ಏಳು ಪಟ್ಟು. ವೈನು ಉಸಿರಾಡಬೇಕು, ಅದಕ್ಕೆ ಜಾಗ ಬೇಕು ಎಂದು ಗ್ಲಾಸು ಮಾರುವವರು ಹೇಳುತ್ತಾರೆ. ಉಸಿರಾಡಲಿ, ಬೇಡ ಎಂದವರಾರು? ಆದರೆ 449 ಮಿಲಿಯ ಗುಡಾಣದ ತಳದಲ್ಲಿ 150 ಮಿಲಿ ವೈನು ಬಿದ್ದರೆ ಹೇಗೆ ಕಾಣುತ್ತದೆ ಎಂದು ಯಾರಾದರೂ ಸುರಿದು ನೋಡಿದ್ದೀರಾ? ಅತಿಥಿಯನ್ನು ಅವಮಾನ ಮಾಡಿದಂತೆ ಕಾಣುತ್ತದೆ. ಕನ್ನಡದ ಗೃಹಸ್ಥ ಎಲೆಯ ತುದಿಗೆ ಉಪ್ಪು ಬಡಿಸುವ ಹಾಗೆ ಅತಿಥಿಗೆ ವೈನು ಬಡಿಸಲಾರ. ಅರ್ಧ ಗ್ಲಾಸಾದರೂ ಬೇಡವೇ? ಅರ್ಧ ಗ್ಲಾಸು ಎಂದರೆ 225 ಮಿಲಿ. ಅಲ್ಲಿಗೆ 50 ಕ್ಯಾಲೊರಿ ಹೆಚ್ಚಾಯಿತು. ಲೇಬಲ್ಲು ಓದಿ, ಬೇರೆ ಬೇರೆ ಬಾಟಲಿ ಹೋಲಿಸಿ, ಹುಡುಗನ ತಲೆ ತಿಂದು ಉಳಿಸಿದ್ದು ಹತ್ತೋ ಹದಿನೈದೋ. ಮಣಿಕಟ್ಟು ಒಂದು ಕ್ಷಣ ಹೆಚ್ಚು ಬಾಗಿದ್ದಕ್ಕೆ ಹೋದದ್ದು ಐವತ್ತು.

ಆಮೇಲೆ ಮೊಬೈಲ್ ತೆಗೆದು ಡಯಟ್ ಆ್ಯಪಿನಲ್ಲಿ ನಮೂದಿಸುವ ಶಾಸ್ತ್ರ. ಡ್ರೈ ವೈಟ್ ವೈನ್, ಒಂದು ಗ್ಲಾಸ್. ಆ್ಯಪು ಮುಗ್ಧ ಜೀವಿ. ಗ್ಲಾಸು ಎಂದರೆ ಯಾವ ಗ್ಲಾಸು, ಎಷ್ಟು ಸಲ ತುಂಬಿದ ಗ್ಲಾಸು ಎಂದು ಅದು ಅಡ್ಡಪ್ರಶ್ನೆ ಕೇಳುವುದಿಲ್ಲ. ಪೂರ್ತಿ ಖಾಲಿಯಾಗುವ ಮುನ್ನವೇ ಮತ್ತೆ ತುಂಬಿಸಿದರೆ ಅದು ಒಂದೇ ಗ್ಲಾಸು ಎಂಬುದು ನಮ್ಮ ನ್ಯಾಯಶಾಸ್ತ್ರ. ಹೀಗೆ ಒಂದೇ ಗ್ಲಾಸಿನಲ್ಲಿ ಬಾಟಲಿ ಮುಗಿಸಿದವರೂ ಇದ್ದಾರೆ. 750 ಮಿಲಿಯ ಶೇ 12ರ ಬಾಟಲಿಗೆ 500 ಕ್ಯಾಲೊರಿ. ಆ್ಯಪಿನ ದಾಖಲೆಯಲ್ಲಿ 100. ಬಿಬಿಎಂಪಿ ಕಾಮಗಾರಿಗಳಲ್ಲಿ ಇದರ ಉಲ್ಟಾ ನೋಡಿದ್ದೇವೆ.

ಇಷ್ಟೆಲ್ಲ ಆದ ಮೇಲೂ ವೈನಿನ ಸ್ವಂತ ಕ್ಯಾಲೊರಿ ಸಣ್ಣ ಅಪರಾಧಿಯೇ. ಅದು ಕರೆದುಕೊಂಡು ಬರುವ ಪರಿವಾರವನ್ನು ನೋಡಬೇಕು. ಮೊದಲನೆಯದಾಗಿ ಅದು ಹಸಿವನ್ನು ಕೆಣಕುತ್ತದೆ. ಊಟಕ್ಕೆ ಮುಂಚೆ ಕುಡಿಸುವ ಪದ್ಧತಿ ಯುರೋಪಿನಲ್ಲಿ ಬೆಳೆದದ್ದೇ ಅದಕ್ಕೆ. ಎರಡನೆಯದಾಗಿ, ಆಲ್ಕೊಹಾಲನ್ನು ಕೂಡಿಡಲು ದೇಹದಲ್ಲಿ ಕೋಣೆಯಿಲ್ಲ. ಬಂದ ಕೂಡಲೇ ಅದನ್ನು ವಿಲೇವಾರಿ ಮಾಡಲೇಬೇಕು. ತಿರುಪತಿಯಲ್ಲಿ ಮಂತ್ರಿಗಳ ವಿಐಪಿ ದರ್ಶನ ಬಂದರೆ ಧರ್ಮದರ್ಶನದ ಸಾಲು ನಿಂತುಬಿಡುವುದಿಲ್ಲವೇ, ಯಕೃತ್ತಿನಲ್ಲೂ ಅದೇ ವ್ಯವಸ್ಥೆ: ಆಲ್ಕೊಹಾಲು ನೇರ ಗರ್ಭಗುಡಿಗೆ, ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತ ಕೊಬ್ಬು ಅಲ್ಲೇ ಕಾಯಬೇಕು. ಕಾದು ಕಾದು ಅದು ಸೊಂಟದಲ್ಲಿ ಛತ್ರ ಹಿಡಿಯುತ್ತದೆ. ಯಾವ ಕೊಬ್ಬು? ಗೋಬಿ ಮಂಚೂರಿಯದ್ದು, ಚಿಲ್ಲಿ ಚಿಕನ್ನಿನದ್ದು, ಮಸಾಲೆ ಪಾಪಡಿನದ್ದು, ಮತ್ತೆ ಆ ಬಟ್ಟಲಿನದ್ದು. ಕಡ್ಲೆಬೀಜ 100 ಗ್ರಾಮಿಗೆ 560 ಕ್ಯಾಲೊರಿಗೂ ಮಿಕ್ಕಿ ಇರುತ್ತದೆ, ಒಗ್ಗರಣೆಯ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿಯದೆ. ಮಾತಾಡುತ್ತಾ ಬಾಯಿಗೆಸೆದುಕೊಳ್ಳುವ ಒಂದು ಹಿಡಿಗೆ 170. ಒಂದೂ ಮುಕ್ಕಾಲು ಗ್ಲಾಸು ವೈನಿನಷ್ಟು. ಬ್ರೂಟ್ ನೇಚರಿನ ಸನ್ಯಾಸ ಈ ಬಟ್ಟಲಿನಲ್ಲಿ ಸದ್ದಿಲ್ಲದೆ ಸಂಸಾರಕ್ಕೆ ಇಳಿಯುತ್ತದೆ.

"ಆದರೆ ಹೃದಯಕ್ಕೆ ಒಳ್ಳೆಯದಂತಲ್ಲ?" ಎಂದು ಕೇಳುವ ದನಿಗೆ ಈಗ ಮೂವತ್ತು ವರ್ಷ ದಾಟಿದೆ. 1991ರ ನವೆಂಬರಿನಲ್ಲಿ ಅಮೆರಿಕದ 60 ಮಿನಿಟ್ಸ್ ಎಂಬ ಟಿವಿ ಕಾರ್ಯಕ್ರಮ ಫ್ರೆಂಚರು ಬೆಣ್ಣೆ ತಿಂದೂ ಹೃದಯ ಗಟ್ಟಿ ಇಟ್ಟುಕೊಂಡಿರುವುದಕ್ಕೆ ಕೆಂಪು ವೈನು ಕಾರಣವಿರಬಹುದು ಎಂದಿತು. ಅಂಗಡಿಗಳಲ್ಲಿ ಕೆಂಪು ವೈನು ಜಿಗಿದು ಮಾರಾಟವಾಯಿತು. ಅದೊಂದು ಸಂಜೆಯ ಮಾತು ಇವತ್ತಿಗೂ ಜಯನಗರದ ಡ್ರಾಯಿಂಗ್ ರೂಮುಗಳಲ್ಲಿ ವೈದ್ಯರ ಚೀಟಿಯ ಮಾನ್ಯತೆ ಪಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಆಲ್ಕೊಹಾಲಿನ ವಿಷಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದಿತು. ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಮದ್ಯ ಸೇರಿದ್ದು 1988ರಲ್ಲೇ. ಈ ಎರಡು ಸುದ್ದಿಗಳು ಡ್ರಾಯಿಂಗ್ ರೂಮಿನ ತನಕ ಇನ್ನೂ ಬಂದಿಲ್ಲ. ದಾರಿಯಲ್ಲಿ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಿರಬೇಕು.

ಅಂಗಡಿಯ ವೈನನ್ನೇ ನಂಬದವರಿಗೆ ಕೊಡಗು ಇದೆ. ವಾರಾಂತ್ಯಕ್ಕೆ ಮಡಿಕೇರಿಗೆ ಹೋಗಿ ಕಾಫಿಪುಡಿ, ಜೇನು, ಚಾಕಲೇಟಿನ ಜೊತೆ ಹೋಮ್‌ಮೇಡ್ ವೈನ್ ತರುವುದು ಬೆಂಗಳೂರಿಗರ ತೀರ್ಥಯಾತ್ರೆಯ ಅಂಗ. ದ್ರಾಕ್ಷಿಯದು, ನೆಲ್ಲಿಕಾಯಿಯದು, ಪ್ಯಾಷನ್ ಹಣ್ಣಿನದು, ಗಾಂಧಾರಿ ಮೆಣಸಿನದು, ವೀಳ್ಯದೆಲೆಯದು ಕೂಡ. ಮನೆಯಲ್ಲಿ ಮಾಡಿದ್ದು ಎಂದ ಮೇಲೆ ಆರೋಗ್ಯಕರವೇ ಸರಿ, ಕೆಮಿಕಲ್ ಇಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ವೈನ್ ಹಾಕುವ ಅಜ್ಜಿಯನ್ನು ಕೇಳಿ ನೋಡಿ, ಅವರು ಸುಳ್ಳು ಹೇಳುವವರಲ್ಲ: ಒಂದು ಕಿಲೋ ದ್ರಾಕ್ಷಿಗೆ ಹತ್ತಿರ ಹತ್ತಿರ ಒಂದು ಕಿಲೋ ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ, ಯೀಸ್ಟ್, ಭರಣಿ. ಅಷ್ಟು ಸಕ್ಕರೆಯನ್ನು ತಿಂದು ಮುಗಿಸುವ ಶಕ್ತಿ ಯಾವ ಯೀಸ್ಟಿಗೂ ಇಲ್ಲ. ಅದು ಕೈಚೆಲ್ಲಿದ ಮೇಲೆ ಉಳಿದದ್ದೇ ಆ ಮಧುರ ರುಚಿ. ಅಜ್ಜಿ ಅದನ್ನು ಹಬ್ಬದ ದಿನ ಕೇಕಿನ ಜೊತೆ ಚಿಕ್ಕ ಗ್ಲಾಸಿನಲ್ಲಿ ಕೊಡುತ್ತಾರೆ, ತಪ್ಪೇನಿಲ್ಲ. ಡಯಟ್ಟಿನವರು ಅದನ್ನು ಫ್ರಿಜ್ಜಿನಲ್ಲಿಟ್ಟು ಮಂಗಳವಾರ ಕುಡಿಯುತ್ತಾರೆ. ಗೋಧಿ ಹಾಕಿದ ಈ ವೈನಿಗೆ ಮಾತ್ರ ಗ್ಲುಟೆನ್ ಇಲ್ಲ ಎಂದು ಯಾರೂ ಹೇಳಿಕೊಂಡಿಲ್ಲ ಎಂಬುದು ಸಮಾಧಾನ.

ಮದ್ಯವೇ ಮುಟ್ಟದ ಮನೆಗಳವರು ಇಷ್ಟು ಓದಿ ನಗುತ್ತಿದ್ದರೆ ಅಡುಗೆಮನೆಯ ಮೇಲಿನ ಗೂಡಿನಲ್ಲಿರುವ ದ್ರಾಕ್ಷಾಸವದ ಶೀಷೆಯನ್ನು ಇಳಿಸಿ ನೋಡಲಿ. ಆಸವ, ಅರಿಷ್ಟಗಳು ಹುದುಗಿಸಿ ಮಾಡುವ ಔಷಧಗಳು. ತಾನಾಗಿ ಹುಟ್ಟಿದ ಆಲ್ಕೊಹಾಲು ಅವುಗಳಲ್ಲಿ ಇರುತ್ತದೆ, ಶೀಷೆಯ ಮೇಲೆ ಬರೆದೂ ಇರುತ್ತದೆ. ಜೀರ್ಣಕ್ಕೆಂದು ಊಟದ ನಂತರ ಸಮಪ್ರಮಾಣ ನೀರು ಬೆರೆಸಿ ಎರಡೆರಡು ಚಮಚ ತೆಗೆದುಕೊಳ್ಳುವ ಚಿಕ್ಕಮ್ಮ ಇಡೀ ಕರ್ನಾಟಕದಲ್ಲಿ ಅಳತೆ ಮಾಡಿ ಕುಡಿಯುವ ಏಕೈಕ ವ್ಯಕ್ತಿ. ಅವರ ತೂಕ ಮದುವೆಯಾದಾಗ ಇದ್ದಷ್ಟೇ ಇದೆ.

ಇಷ್ಟರ ಮೇಲೂ ಬೇಕೇ ಬೇಕು ಎನ್ನುವವರಿಗೆ ನನ್ನ ತೀರ್ಪು ಇದು. ಬಾಟಲಿಯ ಮೇಲೆ ಶೇ 11 ಅಥವಾ ಅದಕ್ಕಿಂತ ಕಡಿಮೆ ಇರಲಿ, ಡ್ರೈ ಇರಲಿ, ಗ್ಲಾಸಿನಲ್ಲಿ 150 ಮಿಲಿ ಇರಲಿ, ಕಡ್ಲೆಬೀಜದ ಬಟ್ಟಲು ಪಕ್ಕದ ಮನೆಯಲ್ಲಿರಲಿ. ಸುಮಾರು 90 ಕ್ಯಾಲೊರಿಗೆ ಮುಗಿಯುತ್ತದೆ. ಎರಡನೆಯ ಗ್ಲಾಸಿಗೆ ಇನ್ನೊಂದು 90. ಬೇರೆ ಯಾವ ತಳಿ, ಯಾವ ಬಣ್ಣ, ಯಾವ ದೇಶ ಹುಡುಕಿದರೂ ಇದಕ್ಕಿಂತ ದೊಡ್ಡ ರಿಯಾಯಿತಿ ಸಿಗುವುದು ಕಷ್ಟ. 150 ಮಿಲಿ ಅಳೆಯಲು ಮನೆಯಲ್ಲಿ ಏನೂ ಇಲ್ಲ ಎನ್ನಬೇಡಿ. ಕೆಮ್ಮಿನ ಸಿರಪ್ಪಿನ ಮುಚ್ಚಳ ಇದೆಯಲ್ಲ, 10 ಮಿಲಿಯದು. ಹದಿನೈದು ಮುಚ್ಚಳ ಸುರಿದುಕೊಳ್ಳಿ. ನಡುವೆ ಲೆಕ್ಕ ತಪ್ಪಿದರೆ ಬಾಟಲಿಗೆ ವಾಪಸು ಸುರಿದು ಮೊದಲಿನಿಂದ ಎಣಿಸಿ. ಕುಡಿದು ಮೊದಲಿನಿಂದ ಎಣಿಸುವುದು ನಡೆಯುವುದಿಲ್ಲ.